ಲಿಮಿಟ್ ನಂದು, ರೊಕ್ಕ ಬ್ಯಾಂಕಿಂದು

(ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸು. ಮಾವ ನಿವೃತ್ತ ಬ್ಯಾಂಕ್ ಕ್ಯಾಶಿಯರು. ನೋಟು ಎಣಿಸುವುದು ಬಿಟ್ಟಿದ್ದಾರೆ, ಸಂಶಯ ಪಡುವುದು ಬಿಟ್ಟಿಲ್ಲ. ಅಳಿಯ ಮಂಜು ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ಬದಿಯಲ್ಲಿ ಮೊಬೈಲ್ ಕವರ್ ಮಾರುವವ. ಯಾವ ತಾಪತ್ರಯಕ್ಕೂ ಒಂದು ಆ್ಯಪ್ ಇರಲೇಬೇಕು ಎಂದು ನಂಬಿದವ.)

ಮಂಜು: ಮಾವಾ, ನನ್ನ ಕ್ರೆಡಿಟ್ ಕಾರ್ಡಿನ್ಯಾಗ ಒಂದು ಲಕ್ಷ ಸುಮ್ಮನ ಬಿದ್ದೈತ್ರಿ. ಗೆಳ್ಯಾ ಈರಣ್ಣನ ಕಾರ್ಡು ತುಂಬಿ ತುಳುಕಾಕ ಹತ್ತೈತಿ. ನನ್ನದರಾಗಿಂದ ಐವತ್ತು ಸಾವಿರ ಅವನ ಕಡೆ ದಾಟಿಸೋಣಂದ್ರ ಯುಪಿಐ ಒಲ್ಲೆ ಅಂತೈತಿ. ಸೇಫ್ ದಾರಿ ಯಾವುದರ ಐತೇನ್ರಿ?

ಮಾವ: ನಿನ್ನ ಕಡೆ ಒಂದು ಲಕ್ಷ ಐತಿ ಅಂತ ಹೇಳಿದವರು ಯಾರು?

ಮಂಜು: ಬ್ಯಾಂಕಿನವರ ಮೆಸೇಜ್ ಬಂದೈತ್ರಿ. ಮ್ಯಾಲ 'ಅಭಿನಂದನೆಗಳು' ಅಂತನೂ ಬರದಾರ.

ಮಾವ: ಅಭಿನಂದನೆ ಹೇಳಿದ ಕೂಡ್ಲೆ ಆಸ್ತಿ ಆತೇನೊ? ನಿನ್ನ ಅಂಗಡಿ ವಹಿವಾಟು, ನಿನ್ನ ರಿಟರ್ನು, ಹಳೇ ಕಂತು ನೀ ಕಟ್ಟಿದ ರೀತಿ ನೋಡಿ 'ಈ ಮನಷ್ಯಾ ತಗೊಂಡ್ರ ಇವನ ತೀರಸ್ತಾನ' ಅಂತ ಬ್ಯಾಂಕು ಮಾಡಿದ ಅಂದಾಜು ಅದು. ಆ ಅಂದಾಜಿನ್ಯಾಗ ಈರಣ್ಣ ಎಲ್ಲೂ ಇಲ್ಲ. 2022ರ ಸೆಪ್ಟೆಂಬರಿನ್ಯಾಗ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಸಾಕ ಬಿಟ್ಟಾಗ ಗೆರಿ ಎಲ್ಲಿ ಎಳದಾರ ನೋಡು: ಅಂಗಡಿಯವನ ಕ್ಯೂಆರ್‌ಗೆ ಕೊಡಬಹುದು, ಒಬ್ಬ ಮನಷ್ಯಾನ ಖಾತೇಕ್ಕ ಕಳಸಾಕ ಬರಂಗಿಲ್ಲ. ಯಂತ್ರಕ್ಕ ಆಗಂಗಿಲ್ಲ ಅಂತಲ್ಲ. ಅದ ಫೋನಿನ್ಯಾಗ ಉಳಿತಾಯ ಖಾತೆಯಿಂದ ಕಣ್ಣು ಮುಚ್ಚಿ ತಗಿಯೂದ್ರಾಗ ಹೋಗತೈತಿ. ಬೇಕಂತನ ನಿಲ್ಲಿಸ್ಯಾರ. ಅಂಗಡ್ಯಾಗ ಸಾಮಾನು ಇರತೈತಿ, ಬಿಲ್ ಇರತೈತಿ, ತಕರಾರು ಬಂದ್ರ 'ಚಾರ್ಜ್‌ಬ್ಯಾಕ್' ಅಂತ ರೊಕ್ಕ ವಾಪಸ್ ಕೇಳಾಕ ಒಂದು ಜಾಗ ಇರತೈತಿ. ಗೆಳ್ಯಾಗ ಕೊಟ್ಟಿದ್ದಕ್ಕ ಏನೈತಿ?

ಮಂಜು: ಹತ್ತು ವರ್ಷದ ಚಹಾದ ಋಣ ಐತ್ರಿ.

ಮಾವ: ಅದಕ್ಕ ಚಾರ್ಜ್‌ಬ್ಯಾಕ್ ಇಲ್ಲ.

ಮಂಜು: ಯುಪಿಐ ಬ್ಯಾಡಂದ್ರ ಬಿಡ್ರಿ. ನಮ್ಮ ಓಣ್ಯಾಗ ಒಬ್ಬಾಂವ ಮಷಿನ್ ಇಟ್ಟಾನ. ಕಾರ್ಡ್ ಉಜ್ಜಿದ್ರ ನೂರಕ್ಕ ಎರಡು ಹಿಡಕೊಂಡು ನಗದು ಕೊಡ್ತಾನ. ಬಿಲ್ಲಿನ್ಯಾಗ 'ಸ್ಟೀಲ್ ಪಾತ್ರೆ' ಅಂತ ಬರೀತಾನ.

ಮಾವ: ಐವತ್ತು ಸಾವಿರದ ಪಾತ್ರೆ! ನಿಮ್ಮವ್ವ 'ಎಲ್ಲಿ ಅದಾವು' ಅಂತ ಕೇಳಿದ್ರ ಏನ್ ತೋರಸ್ತಿ? ಡೆಬಿಟ್ ಕಾರ್ಡಿಗೆ ಅಂಗಡಿ ಮಷಿನ್ನಿನಿಂದ ನಗದು ಕೊಡಾಕ ರಿಜರ್ವ್ ಬ್ಯಾಂಕು ಮಿತಿ ಹಾಕಿ 2009ರಾಗನ ಒಪ್ಪೇತಿ. ಕ್ರೆಡಿಟ್ ಕಾರ್ಡಿಗೆ ಒಪ್ಪಿಲ್ಲ. ಅಲ್ಲಿ ನಿನ್ನ ರೊಕ್ಕ ನಿನ್ನ ಕೈಗೆ ಬರತೈತಿ, ಇಲ್ಲಿ ಬ್ಯಾಂಕಿನ ರೊಕ್ಕ ಸುಳ್ಳು ಹೆಸರು ಹೇಳಿ ಹೊರಗ ಬೀಳತೈತಿ. ನೀವು ಹುಡುಗೂರು 'ಸೇಫ್' ಅಂದ್ರ ಪಾಸ್‌ವರ್ಡು ಅಂತ ತಿಳಕೊಂಡೀರಿ. ಪಾಸ್‌ವರ್ಡು, ಚಿಪ್ಪು, ಪಿನ್ನು ಎಲ್ಲಾ ಗಟ್ಟೀನ ಅದಾವ. ಆನ್‌ಲೈನ್ ಕಾರ್ಡ್ ವ್ಯವಹಾರಕ್ಕ 2009ರ ಆಗಸ್ಟಿನಿಂದ ಓಟಿಪಿಯಂಥಾ ಎರಡನೇ ಖಾತ್ರಿ ಕಡ್ಡಾಯ. 2022ರ ಅಕ್ಟೋಬರಿನಿಂದ ಆನ್‌ಲೈನ್ ಅಂಗಡಿಯವರು ನಿನ್ನ ಕಾರ್ಡ್ ನಂಬರನ್ನ ಇಟ್ಟುಕೊಳ್ಳೂಹಂಗಿಲ್ಲ. ಕಂಡಿ ಬಿದ್ದಿರೂದು ಅಲ್ಲಲ್ಲ, ನೀ ಹೇಳೂ ಸುಳ್ಳಿನ್ಯಾಗ. ನಾಳೆ ಆ ಮಷಿನ್ನಿನಾಂವ ಐವತ್ತರ ಬದ್ಲಿ ನಲವತ್ತು ಕೈಗಿಟ್ರ ಯಾರ ಮುಂದ ಅಳ್ತಿ? 'ಪಾತ್ರೆ ಬಂದಿಲ್ಲ' ಅಂತ ದೂರು ಕೊಟ್ರ ಅದೂ ಸುಳ್ಳು. 'ನಗದು ಕಡಿಮಿ ಕೊಟ್ಟ' ಅಂದ್ರ ಮೊದಲನೇ ಸುಳ್ಳನ್ನ ನೀನ ಒಪ್ಪಿಕೊಂಡಂಗ. ಖರೆ ಹೇಳಾಕ ಬರದ ವ್ಯವಹಾರಕ್ಕ ಯಾವ ಬ್ಯಾಂಕೂ, ಯಾವ ಒಂಬುಡ್ಸ್‌ಮನ್ನೂ ಬೆನ್ನಿಗೆ ನಿಲ್ಲಂಗಿಲ್ಲ.

ಮಂಜು: ಮನಿ ಬಾಡಿಗಿ ಅಂತ ತೋರಿಸಿ ಈರಣ್ಣನ ಖಾತೇಕ್ಕ ಹಾಕಿದ್ರ? ಮಂದಿ ಮಾಡ್ತಿದ್ರಲ್ರಿ.

ಮಾವ: ಮಾಡ್ತಿದ್ರು, ಅದಕ್ಕ ಕೆಟ್ಟಿತು. ಗೆಳ್ಯಾರನ್ನ, ಹೆಂಡ್ತಿ ಅಣ್ಣನ್ನ ಮನಿ ಮಾಲಕ ಅಂತ ಬರದು ಕಾರ್ಡಿನ ರೊಕ್ಕ ಖಾತೇಕ್ಕ ಇಳಿಸಿಕೊಂಡ್ರು. ಬ್ಯಾಂಕಿನವರು 2022ರಾಗ ಬಾಡಿಗಿ ಮ್ಯಾಲ ಶುಲ್ಕ ಕೂರಿಸಿದ್ರು. 2025ರ ಸೆಪ್ಟೆಂಬರಿನ್ಯಾಗ ರಿಜರ್ವ್ ಬ್ಯಾಂಕಿನ ಹೊಸ ನಿಯಮ ಬಂತು: ನಡುವಿನ ಪಾವತಿ ಕಂಪನಿಗಳು ತಮ್ಮ ಜೊತಿ ಕರಾರು ಮಾಡಿಕೊಂಡ ವ್ಯಾಪಾರಿಗಷ್ಟ ರೊಕ್ಕ ಮುಟ್ಟಿಸಬೇಕು. ಆ್ಯಪಿನವರು ಬಾಡಿಗಿ ಬಾಗಿಲಾ ಹಾಕಿದ್ರು. ಕಾರ್ಡಿನಿಂದ ಖರೆ ಬಾಡಿಗಿ ಕಟ್ಟೂ ಮಂದಿಗೂ ಅದರ ಜೊತಿ ಪೆಟ್ಟು ಬಿತ್ತು.

ಮಾವನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಮಂಜುವಿಗೆ ಅದು ಹೊಳೆಯುವ ಲಕ್ಷಣ ಕಾಣದ್ದರಿಂದ ಲೇಖಕನೇ ಎತ್ತಬೇಕಾಗಿದೆ. ಒಬ್ಬನ ಪತ್ತನ್ನು ಇನ್ನೊಬ್ಬ ಬಳಸುವುದು ಈ ನಾಡಿಗೆ ಹೊಸದೇ? ಹತ್ತಿಯ ವ್ಯಾಪಾರದಲ್ಲಿ ಬೆಳೆದ ಹುಬ್ಬಳ್ಳಿಗೆ ಹುಂಡಿ ಗೊತ್ತಿತ್ತು. ಕಂಡ ಕೂಡಲೇ ತೀರಿಸುವ ದರ್ಶನಿ ಹುಂಡಿ, ವಾಯಿದೆಗೆ ತೀರಿಸುವ ಮುದ್ದತಿ ಹುಂಡಿ. ಕೈಯಿಂದ ಕೈಗೆ ದಾಟುತ್ತಿದ್ದುದು ಸಾಲವೇ ತಾನೆ? 1905ರಲ್ಲಿ, ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಹಕಾರಿ ಸಂಘವೂ ಒಬ್ಬರ ಬಲದ ಮೇಲೆ ಇನ್ನೊಬ್ಬರು ಸಾಲ ಪಡೆಯುವ ಏರ್ಪಾಡೇ. ಒಪ್ಪಬೇಕಾದ ಮಾತು. ಆದರೆ ಹುಂಡಿಯಲ್ಲಿ ಬರೆದವನ ಹೆಸರು, ತೀರಿಸಬೇಕಾದವನ ಹೆಸರು ಕಾಗದದ ಮೇಲೆಯೇ ಇರುತ್ತಿದ್ದವು. 'ಶಾಹಜೋಗ' ಹುಂಡಿಯ ಹಣವನ್ನು ಪೇಟೆಯಲ್ಲಿ ಮರ್ಯಾದಸ್ಥನೆನಿಸಿಕೊಂಡವನಿಗೆ ಮಾತ್ರ ಕೊಡಬೇಕಿತ್ತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ನೆರೆಯವನು ಮುಳುಗಿದರೆ ನಿಮ್ಮ ಹೊಲಕ್ಕೂ ನೀರು. ಹಾಗಾಗಿ ಸಾಲ ಕೇಳಿದವನ ನಡತೆಯನ್ನು ಊರೇ ತೂಗುತ್ತಿತ್ತು. ಅಂದರೆ ಪತ್ತು ದಾಟಬಾರದೆಂದು ಹಿರಿಯರೂ ಹೇಳಲಿಲ್ಲ. ಯಾರು ಯಾರಿಗೆ ಹೊಣೆ ಎಂಬುದು ಸಾಲ ಕೊಡುವವನಿಗೆ ಮೊದಲೇ ಗೊತ್ತಿರಬೇಕು, ಅಷ್ಟೆ. ಓಣಿಯ ಮಷಿನ್ನು ಮುಚ್ಚಿಡುವುದು ಇದನ್ನೇ.

ಮಂಜು: ಅಮೆರಿಕಾದಾಗ ಕಾರ್ಡಿನಿಂದ ಕಾರ್ಡಿಗೆ ರೊಕ್ಕ ಓಡತೈತಿ ಅಂತ ನಮ್ಮ ಅಣ್ಣ ಹೇಳ್ತಾನಲ್ರಿ?

ಮಾವ: ವೀಸಾ ಡೈರೆಕ್ಟ್ ಅಂತ ಐತಿ, ಮಾಸ್ಟರ್‌ಕಾರ್ಡಿಂದೂ ಒಂದೈತಿ. ಅವು ಕಾರ್ಡಿಗೆ ರೊಕ್ಕ ಮುಟ್ಟಸ್ತಾವ, ಖರೆ. ಎಲ್ಲಿಂದ ಎತ್ತತಾರ ಅನ್ನೂದನ್ನ ನಿಮ್ಮ ಅಣ್ಣನ್ನ ಕೇಳು. ಕ್ರೆಡಿಟ್ ಕಾರ್ಡಿನಿಂದ ಎತ್ತಿದ್ರ ಅಲ್ಲೂ ಬಾಳ ಬ್ಯಾಂಕಿನವರು ನಗದು ಸಾಲ ಅಂತ ಲೆಕ್ಕಾ ಹಿಡೀತಾರ.

ಮಂಜು: ನಗದು ಸಾಲ ಅಷ್ಟು ಪಾಪ ಆಗಿದ್ರ ಬ್ಯಾಂಕಿನವರು ಕ್ರೆಡಿಟ್ ಕಾರ್ಡಿಗೆ ಎಟಿಎಂನ್ಯಾಗ ಯಾಕ ನೋಟು ಕೊಡ್ತಾರ?

ಮಾವ: ಈಗ ಚಲೋ ಪ್ರಶ್ನೆ ಕೇಳಿದಿ. ಪಾಪ ಅಂತ ನಾ ಎಲ್ಲಿ ಹೇಳಿದೆ? ಅಲ್ಲಿ ಬ್ಯಾಂಕಿಗೆ ಗೊತ್ತಿದ್ದನ ಕೊಡತೈತಿ, ಗೊತ್ತಿದ್ದನ ಕೊಯ್ಯತೈತಿ. ಶುಲ್ಕ ಬ್ಯಾರೆ, ಬಡ್ಡಿ ಅಂದ್ರ ಸಾಮಾನಿಗೆ ಇದ್ದಂಗ ಪುಕ್ಕಟೆ ದಿನ ಇಲ್ಲ, ತಗದ ದಿನದಿಂದನ ಶುರು, ಬಾಳ ಕಾರ್ಡಿನ್ಯಾಗ ತಿಂಗಳಿಗೆ ನೂರಕ್ಕ ಮೂರರ ಮ್ಯಾಲ. ಬಾಕಿ ಮ್ಯಾಲಿನ ಬಡ್ಡಿ ವರ್ಷಕ್ಕ 30ರ ಮ್ಯಾಲ ಹೋಗಬಾರದು ಅಂತ 2008ರಾಗ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರಿನ್ಯಾಗ ಸುಪ್ರೀಂ ಕೋರ್ಟು ಆ ಆದೇಶ ತಗದ್ಹಾಕಿತು. ಅಷ್ಟು ತೆತ್ತು ಈರಣ್ಣಗ ಕೊಡೂದಿದ್ರ ಕೊಡು. ಸಾಲ ನಿಂದು, ಅವಗ ಕೊಟ್ಟಿದ್ದು ಕೈಗಡ. ದುಬಾರಿ, ಆದ್ರ ಯಾರ ಮುಂದನೂ ಪಾತ್ರೆ ತೋರಸೂ ಕೆಲಸ ಇಲ್ಲ.

ಮಂಜು: ಅಷ್ಟೆಲ್ಲ ಯಾಕ್ರಿ, 'ಕಾರ್ಡಿನ ಫೋಟೊ, ಓಟಿಪಿ ವಾಟ್ಸಾಪಿಗೆ ಬಿಡು, ನಾನ ನೋಡ್ಕೋತೀನಿ' ಅಂದಾನ ಈರಣ್ಣ.

ಮಾವ: ಅವ ನೋಡ್ಕೊಂಡ ಮ್ಯಾಲ ನೀ ನೋಡಾಕ ಏನೂ ಉಳಿಯಂಗಿಲ್ಲ. 2017ರ ಜುಲೈನ ರಿಜರ್ವ್ ಬ್ಯಾಂಕ್ ಸುತ್ತೋಲೆ ಓದು. ನಿಂದೂ ತಪ್ಪಿಲ್ಲ, ಬ್ಯಾಂಕಿಂದೂ ತಪ್ಪಿಲ್ಲ, ಮೂರನೇದಾಂವ ಕದ್ದ ಅನ್ನೂ ಪ್ರಸಂಗದಾಗ ಬ್ಯಾಂಕಿನ ಸುದ್ದಿ ಮುಟ್ಟಿದ ಮೂರು ಕೆಲಸದ ದಿನದಾಗ ತಿಳಿಸಿದ್ರ ನಿನ್ನ ಹೊಣೆ ಸೊನ್ನೆ. ಓಟಿಪಿ ನೀನ ಕೊಟ್ಟಿದ್ರ? ಬ್ಯಾಂಕಿಗೆ ತಿಳಸೂತನಾ ಆದ ಲುಕ್ಸಾನು ನಿಂದ. ಈರಣ್ಣ ದೇವರಂಥಾವ ಇರಬಹುದು, ಅವನ ಫೋನು ಯಾರ್ಯಾರ ಕೈಯಾಗ ಇರತೈತಿ? ಇನ್ನೊಂದು ಐತಿ: ವರ್ಷದಾಗ ಕಾರ್ಡಿನ ಬಿಲ್ಲು 10 ಲಕ್ಷ ಮುಟ್ಟಿದ್ರ ಆದಾಯ ತೆರಿಗೆಯವರಿಗೆ ವರದಿ ಹೋಗತೈತಿ. ಅವ ಉಂಡ ಊಟದ ಲೆಕ್ಕಾ ನಿನ್ನ ಪ್ಯಾನಿಗೆ ಬೀಳತೈತಿ.

ಮಂಜು: ಆ್ಯಡ್-ಆನ್ ಕಾರ್ಡ್ ಕೊಡಸ್ಲ್ಯಾ?

ಮಾವ: ಅದು ಕಾಯ್ದೇಶೀರ. ಬಳಸಾಂವ ಇವ ಅಂತ ಬ್ಯಾಂಕಿಗೆ ಗೊತ್ತು, ಬೇಕಾದ್ರ ಅವಗ ಸಣ್ಣ ಮಿತಿ ಹಾಕಬಹುದು, ತೀರಸೂ ಹೊಣೆ ನಿಂದು ಅಂತ ಬರದನ ಕೊಡ್ತಾರ. ಆದ್ರ ಸಾಮಾನ್ಯವಾಗಿ ಮನಿಮಂದಿಗೆ ಮಾತ್ರ.

ಮಂಜು: ಅಂದ್ರ ಈರಣ್ಣನ್ನ ದತ್ತಕ ತಗೋಬೇಕಾತು.

ಮಾವ: ಮೊದಲ ನಿಮ್ಮವ್ವನ್ನ ಕೇಳು. ಇಲ್ಲಾ, ನಿನ್ನ ಉಳಿತಾಯ ಖಾತೆಯಿಂದ ಅವನ ಕಾರ್ಡಿನ ಬಿಲ್ಲನ್ನ ಈಗ ಭಾರತ್ ಕನೆಕ್ಟ್ ಅಂತ ಹೆಸರು ಬದಲಾದ ಭಾರತ್ ಬಿಲ್‌ಪೇನ್ಯಾಗ ಕಟ್ಟು. ಅವನ ಮೊಬೈಲ್ ನಂಬರು, ಕಾರ್ಡಿನ ಕೊನೇ ನಾಲ್ಕು ಅಂಕಿ ಸಾಕು, ಓಟಿಪಿ ಯಾರೂ ಯಾರಿಗೂ ಕೊಡೂದಿಲ್ಲ. ಒಬ್ಬರ ಕಾರ್ಡಿಗೆ ಇನ್ನೊಬ್ಬರು ರೊಕ್ಕ ಹಾಕೂದಕ್ಕ ಇದರಷ್ಟು ಸ್ವಚ್ಛ ದಾರಿ ಇಲ್ಲ.

ಮಂಜು: ಉಳಿತಾಯ ಖಾತ್ಯಾಗ ರೊಕ್ಕ ಇದ್ದಿದ್ರ ಮಾವಾ, ನಿಮ್ಮ ಭಾಷಣ ಇಷ್ಟೊತ್ತು ಯಾಕ ಕೇಳತಿದ್ದೆ?

ಮಾವ: ಹಂಗಾದ್ರ ಕೊಡೂದು ನಿನ್ನ ಕಡೆ ಏನೂ ಇಲ್ಲ, ಆ ಮಾತನ್ನ ಈರಣ್ಣಗ ಇವತ್ತ ಹೇಳಿಬಿಡು. ಅವ ತನ್ನ ಬ್ಯಾಂಕಿಗೆ ಹೋಗಿ ಬಾಕಿಯನ್ನ ಕಂತು ಮಾಡಿಸ್ಲಿ. ಅವನ ಹೆಸರಿನ್ಯಾಗ ಇನ್ನೊಂದು ಬ್ಯಾಂಕಿನ ಕಾರ್ಡ್ ಇದ್ರ ಬಾಕೀನ ಅಲ್ಲಿಗೆ ದಾಟಸಾಕ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂತ ಐತಿ. ಶುಲ್ಕ ಎಷ್ಟಂತ ಮೊದಲ ಕೇಳ್ಲಿ. ಎರಡೂ ದಾರ್‍ಯಾಗ ಬಡ್ಡಿ ಕಾರ್ಡಿನ ಬಾಕಿಗಿಂತ ಸಾಮಾನ್ಯವಾಗಿ ಕಡಿಮಿ ಬೀಳತೈತಿ, ಸಾಲನೂ ಸಾಲಗಾರನ ಹೆಸರಿನ್ಯಾಗನ ಉಳೀತೈತಿ.