ಸೋರುವ ಗುಡ್ಡಕ್ಕೊಂದು ಬಹುಪರಾಕ್

ಸೋರುವುದನ್ನು ಲೋಕ ಮೊದಲಿನಿಂದಲೂ ಕೀಳಾಗಿಯೇ ಕಂಡಿದೆ. ಮಾಳಿಗೆ ಸೋರಿದರೆ ಮೇಸ್ತ್ರಿಗೆ ಬೈಗುಳ, ಪ್ರಶ್ನೆಪತ್ರಿಕೆ ಸೋರಿದರೆ ಮಂತ್ರಿಗೆ ಬೈಗುಳ. ಈ ಪೂರ್ವಗ್ರಹವನ್ನು ತೊಡೆದುಹಾಕಲು ಅಮೆರಿಕದ ಫ್ಲಾರಿಡಾ ರಾಜ್ಯದ ರಸಗೊಬ್ಬರ ಉದ್ಯಮ ದಶಕಗಳಿಂದ ಎಡೆಬಿಡದೆ ದುಡಿಯುತ್ತಿದೆ. ಅದರ ಸೇವೆಯನ್ನು ಇನ್ನಾದರೂ ಗುರುತಿಸದಿದ್ದರೆ ಕೃತಘ್ನತೆಯಾದೀತು.

ಮೊದಲು ಗುಡ್ಡಗಳ ವಿಷಯ. ಫ್ಲಾರಿಡಾ ಚಪ್ಪಟೆ ನಾಡು. ಅಲ್ಲಿನ ಅತಿ ಎತ್ತರದ ನೈಸರ್ಗಿಕ ಜಾಗ ಸಮುದ್ರಮಟ್ಟದಿಂದ ಬರೀ 345 ಅಡಿ. ದೇವರು ಕೊಡದೆ ಉಳಿಸಿದ್ದನ್ನು ಉದ್ಯಮ ಧಾರಾಳವಾಗಿ ಕೊಟ್ಟಿತು. ಅಲ್ಲಿನ ನೆಲದಡಿ ಫಾಸ್ಫೇಟ್ ಶಿಲೆ ಹೇರಳ. ಅದಕ್ಕೆ ಗಂಧಕಾಮ್ಲ ಬೆರೆಸಿದರೆ ಫಾಸ್ಫಾರಿಕ್ ಆಮ್ಲ ಸಿಗುತ್ತದೆ. ನಮ್ಮ ರೈತರು ಮುಂಗಾರಿಗೆ ಮುಂಚೆ ಸೊಸೈಟಿ ಮುಂದೆ ಸಾಲುಗಟ್ಟಿ ಕೊಳ್ಳುವ ಡಿಎಪಿ ತಯಾರಾಗುವುದು ಇಂಥ ಆಮ್ಲದಿಂದಲೇ. ಒಂದು ಟನ್ ಆಮ್ಲ ತೆಗೆದರೆ ಸುಮಾರು ಐದು ಟನ್ ಫಾಸ್ಫೋಜಿಪ್ಸಂ ಹಿಂದೆ ಉಳಿಯುತ್ತದೆ. ಶಿಲೆಯಲ್ಲಿದ್ದ ರೇಡಿಯಂ ಇದರಲ್ಲೇ ಠಿಕಾಣಿ ಹೂಡುವುದರಿಂದ ಇದನ್ನು ಕಂಡಕಂಡಲ್ಲಿ ಬಳಸದೆ ರಾಶಿ ಹಾಕಿಡಿ ಎಂದು ಅಮೆರಿಕದ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆ ನಿಯಮ ಮಾಡಿತು. ಹಾಗೆ ಬಿದ್ದ ರಾಶಿ ಇಂದು ಸುಮಾರು ನೂರು ಕೋಟಿ ಟನ್. ಗುಡ್ಡದ ನೆತ್ತಿಯ ಮೇಲೆ ಕಾರ್ಖಾನೆಯ ಆಮ್ಲನೀರಿನ ಕೆರೆ, ಕೆರೆಯ ಮೈಗೆ ಪ್ಲಾಸ್ಟಿಕ್ ಹಾಳೆ. ರೇಡಿಯಂ 226 ಅರ್ಧದಷ್ಟು ಸವೆಯುವುದಕ್ಕೇ 1,600 ವರ್ಷ ಬೇಕು. ಪ್ಲಾಸ್ಟಿಕ್ ಹಾಳೆಯ ಆಯುಷ್ಯವನ್ನು ಅದರೊಂದಿಗೆ ಹೋಲಿಸುವುದು ಶುಭಕಾರ್ಯದಲ್ಲಿ ಅಪಶಕುನ ನುಡಿದ ಹಾಗೆ, ಬಲ್ಲವರು ಹೋಲಿಸುವುದಿಲ್ಲ.

ಟ್ಯಾಂಪಾ ಕೊಲ್ಲಿಯ ದಂಡೆಯಲ್ಲಿರುವ ಪೈನಿ ಪಾಯಿಂಟ್ ಈ ಪರಂಪರೆಯ ಮುಕುಟಮಣಿ. 1966ರಲ್ಲಿ ಶುರುವಾದ ಕಾರ್ಖಾನೆ ಕೈಯಿಂದ ಕೈಗೆ ದಾಟುತ್ತಾ ಮಲ್ಬೆರಿ ಎಂಬ ಕಂಪನಿಯ ಪಾಲಾಯಿತು. ಮಲ್ಬೆರಿ ಬಳಗವನ್ನು ಅನನುಭವಿ ಎನ್ನುವಂತಿಲ್ಲ. 1997ರಲ್ಲಿ ಅದರ ಇನ್ನೊಂದು ಗುಡ್ಡದಿಂದ ಅಲಾಫಿಯಾ ನದಿಗೆ 5 ಕೋಟಿ ಗ್ಯಾಲನ್ನಿಗೂ ಹೆಚ್ಚು ಆಮ್ಲನೀರು ಇಳಿದು ಹತ್ತು ಲಕ್ಷಕ್ಕೂ ಮೀರಿ ಮೀನುಗಳು ಸತ್ತಿದ್ದವು. ಇಷ್ಟು ಸಾಧಿಸಿದ ಮೇಲೆ 2001ರಲ್ಲಿ ಕಂಪನಿ ದಿವಾಳಿ ಎದ್ದು, ಗುಡ್ಡ ಮತ್ತು ಕೆರೆಯನ್ನು ಸರ್ಕಾರದ ಮಡಿಲಿಗೆ ಹಾಕಿ ನಿವೃತ್ತಿ ಪಡೆಯಿತು. 2006ರಲ್ಲಿ ಎಚ್‌ಆರ್‌ಕೆ ಹೋಲ್ಡಿಂಗ್ಸ್ ಜಾಗ ಕೊಂಡಿತು. ಪಕ್ಕದ ಬಂದರಿನ ಹೂಳೆತ್ತಿದಾಗ ಬಂದ ಉಪ್ಪುನೀರನ್ನೂ ಅದೇ ಗುಡ್ಡದ ಮೇಲೆ ತುಂಬಿಸುವ ಜಾಣತನ ಯಾರಿಗೋ ಹೊಳೆಯಿತು. 2011ರಲ್ಲಿ ಹಾಳೆ ಹರಿದು ಸೋರಿತು. 2021ರಲ್ಲಿ ಮತ್ತೆ ಸೋರಿತು. ನಮ್ಮಲ್ಲಿ 2011ರ ಜನಗಣತಿಯ ನಂತರದ್ದು 2021ರಲ್ಲಿ ನಡೆಯಲಿಲ್ಲ. ಪೈನಿ ಪಾಯಿಂಟ್ ಮಾತ್ರ ಹತ್ತು ವರ್ಷದ ವಾಯಿದೆಯನ್ನು ತಪ್ಪಿಸಲಿಲ್ಲ.

ಈ ಎರಡನೇ ಸೋರಿಕೆಯ ಸಂದರ್ಭದಲ್ಲಿ ‘ನೀರು ಸುರಕ್ಷಿತವೇ’ ಎಂಬ ಚರ್ಚೆ ಎದ್ದಿತಲ್ಲ, ಅದನ್ನು ಆಡಳಿತದ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಬೇಕು. ಕೆರೆಯಲ್ಲಿದ್ದದ್ದು 48 ಕೋಟಿ ಗ್ಯಾಲನ್. ಗೋಡೆ ಕುಸಿದರೆ ಇಪ್ಪತ್ತು ಅಡಿ ಎತ್ತರದ ನೀರು ನುಗ್ಗೀತೆಂಬ ಅಂದಾಜು. ಏಪ್ರಿಲ್ 3ರಂದು, ಈಸ್ಟರ್ ಹಬ್ಬದ ಹಿಂದಿನ ದಿನ, ರಾಜ್ಯಪಾಲ ರಾನ್ ಡಿಸ್ಯಾಂಟಿಸ್ ತುರ್ತು ಪರಿಸ್ಥಿತಿ ಘೋಷಿಸಿದರು. ಮುನ್ನೂರಕ್ಕೂ ಹೆಚ್ಚು ಮನೆಗಳವರಿಗೆ ಗಂಟುಮೂಟೆ ಕಟ್ಟಲು ಹೇಳಲಾಯಿತು. ಹೆದ್ದಾರಿ ಮುಚ್ಚಿತು. ಹತ್ತಿರದ ಜೈಲಿನ ಕೆಳಮಹಡಿಯ ಕೈದಿಗಳನ್ನು ಮೇಲಂತಸ್ತಿಗೆ ಏರಿಸಲಾಯಿತು. ಕೆಳಗಿದ್ದವರನ್ನು ಮೇಲೆತ್ತುವ ಕೆಲಸ ಯಾವ ಸರ್ಕಾರದಿಂದಲೂ ಇಷ್ಟು ಚುರುಕಾಗಿ ನಡೆದಿರಲಾರದು. ಇದೆಲ್ಲ ನಡೆಯುತ್ತಿದ್ದಾಗಲೇ ಅದೇ ನೀರನ್ನು ಪಂಪು ಹಚ್ಚಿ ಕೊಲ್ಲಿಗೆ ಬಿಡಲಾಗುತ್ತಿತ್ತು, ಮತ್ತು ಅದರಿಂದ ಆತಂಕಪಡುವಂಥದ್ದೇನೂ ಇಲ್ಲವೆಂಬ ಸಮಾಧಾನವೂ ಹರಿದುಬರುತ್ತಿತ್ತು. ಕೆಲವು ಸಂಕುಚಿತ ಮನಸ್ಸಿನವರು ಇದರಲ್ಲಿ ವಿರೋಧಾಭಾಸ ಕಂಡರು. ಅವರಿಗೆ ತರ್ಕ ಗೊತ್ತಿಲ್ಲ. ಒಟ್ಟಿಗೆ ಬಂದರೆ ಮಾತ್ರ ಆ ನೀರು ಪ್ರಳಯ. ಪೈಪಿನಲ್ಲಿ ಸಾಲಾಗಿ ಬಂದರೆ ‘ನಿಯಂತ್ರಿತ ವಿಸರ್ಜನೆ’.

ರಾಜ್ಯದ ಪರಿಸರ ಇಲಾಖೆಯ ಪ್ರಾಮಾಣಿಕತೆಯನ್ನಂತೂ ಎಷ್ಟು ಹೊಗಳಿದರೂ ಸಾಲದು. ನೀರು ಕಡಲಿನ ಗುಣಮಟ್ಟಕ್ಕೆ ತಕ್ಕಂತಿದೆ ಎಂದಿತು; ಆಮ್ಲತೆ, ರಂಜಕ, ಸಾರಜನಕ ಮತ್ತು ಅಮೋನಿಯಾ ಇವಿಷ್ಟನ್ನು ಬಿಟ್ಟು. ಗೊಬ್ಬರ ಕಾರ್ಖಾನೆಯ ನೀರಿನಿಂದ ಆಮ್ಲ, ರಂಜಕ, ಸಾರಜನಕ, ಅಮೋನಿಯಾವನ್ನು ಬಿಟ್ಟುಬಿಟ್ಟರೆ ಉಳಿಯುವುದು ನೀರು. ನೀರಿನ ಬಗ್ಗೆ ಯಾರ ತಕರಾರೂ ಇರಲಿಲ್ಲ. ನೀರು ವಿಕಿರಣಶೀಲವಲ್ಲ, ಬಹುಪಾಲು ಉಪ್ಪುನೀರೇ ಎಂದು ರಾಜ್ಯಪಾಲರೂ ಒತ್ತಿ ಹೇಳಿದರು. ಜನ ಸಾರಜನಕದ ಬಗ್ಗೆ ಕೇಳಿದಾಗ ವಿಕಿರಣದ ಬಗ್ಗೆ ಧೈರ್ಯ ಹೇಳುವುದು ಉನ್ನತ ಮಟ್ಟದ ಆಡಳಿತ ಕಲೆ.

ಮಾರ್ಚ್ 30ರಿಂದ ಏಪ್ರಿಲ್ 9ರವರೆಗೆ ಹೀಗೆ ಕೊಲ್ಲಿಗೆ ಸೇರಿದ್ದು 21.5 ಕೋಟಿ ಗ್ಯಾಲನ್, ಅಂದರೆ ಸುಮಾರು 81 ಕೋಟಿ ಲೀಟರ್. ಅದರಲ್ಲಿ 186 ಟನ್ ಸಾರಜನಕವಿತ್ತೆಂದು ವಿಜ್ಞಾನಿಗಳು ಆಮೇಲೆ ಲೆಕ್ಕ ಹಾಕಿದರು. ಕೆಳ ಟ್ಯಾಂಪಾ ಕೊಲ್ಲಿಗೆ ಹೊರಗಿನಿಂದ ಇಡೀ ವರ್ಷ ಬರುವುದನ್ನೂ ಮೀರಿಸಿದ ಮೊತ್ತವಿದು. ವರ್ಷದ ಗುರಿಯನ್ನು ಹತ್ತೇ ದಿನದಲ್ಲಿ ದಾಟುವ ಇಲಾಖೆ ನಮ್ಮಲ್ಲಿ ಯಾವುದಿದೆ? ಗೊಬ್ಬರ ಬಿದ್ದ ಮೇಲೆ ಬೆಳೆ ಬರಲೇಬೇಕು, ಬಂತು. ಏಪ್ರಿಲ್‌ನಲ್ಲಿ ಡಯಾಟಮ್ ಪಾಚಿ ಮೊದಲ ಪಂಕ್ತಿಗೆ ಕೂತಿತು. ಮೇ, ಜೂನ್ ಹೊತ್ತಿಗೆ ನೂಲುನೂಲಾದ ಸಯನೋಬ್ಯಾಕ್ಟೀರಿಯಾದ ಎರಡನೇ ಪಂಕ್ತಿ. ಜುಲೈನಲ್ಲಿ ರೆಡ್ ಟೈಡ್ ಎಂಬ ವಿಷಪಾಚಿ ಕೊನೆಯ ಪಂಕ್ತಿಗೆ ಬಂದು ಎಲೆ ಸಮೇತ ಬಳಿದು ಹೋಯಿತು. ದಡಕ್ಕೆ ತೇಲಿಬಂದ ಸತ್ತ ಮೀನು 1,600 ಟನ್‌ಗೂ ಹೆಚ್ಚು. ರೆಡ್ ಟೈಡ್ ಆ ಕರಾವಳಿಗೆ ಹಳೆಯ ಅತಿಥಿ, ಅದನ್ನು ಪೈನಿ ಪಾಯಿಂಟೇ ಕರೆತಂದಿತೆಂದು ಹೇಳಲಾಗದು. ಬಂದ ಅತಿಥಿಗೆ ಬಡಿಸಲು ಅಡುಗೆ ಸಿದ್ಧವಿತ್ತು, ಅಷ್ಟೇ. ಮೀನುಗಳ ಕಡೆಯಿಂದ ಲಿಖಿತ ದೂರು ಬಂದಿಲ್ಲ.

ಮೌನವೂ ಒಂದು ಸದ್ಗುಣ. ಅದನ್ನು ಕಲಿಯಲು ಪೋಕ್ ಕೌಂಟಿಯ ನ್ಯೂ ವೇಲ್ಸ್‌ಗೆ ಹೋಗಬೇಕು. ಅದು ಮೊಸಾಯಿಕ್ ಕಂಪನಿಯ ಗುಡ್ಡ. 2016ರ ಆಗಸ್ಟ್ ಕೊನೆಯಲ್ಲಿ ಗುಡ್ಡದ ನಡುವೆ ನೆಲ ಬಾಯಿಬಿಟ್ಟು, ಮೇಲಿದ್ದ ನೀರು ಲಕ್ಷಾಂತರ ಜನ ಕುಡಿಯುವ ಅಂತರ್ಜಲದ ಪದರಕ್ಕೆ ಇಳಿಯಿತು. ಪ್ರಮಾಣ 21.5 ಕೋಟಿ ಗ್ಯಾಲನ್. ಪೈನಿ ಪಾಯಿಂಟ್ ಐದು ವರ್ಷದ ನಂತರ ಗ್ಯಾಲನ್ ತಪ್ಪದಂತೆ ಇದೇ ಅಂಕಿಯನ್ನು ಮುಟ್ಟಿತೆಂದರೆ ಉದ್ಯಮದ ಶಿಸ್ತನ್ನು ಊಹಿಸಿಕೊಳ್ಳಿ. ಕಂಪನಿ ಸರ್ಕಾರಕ್ಕೆ ತಿಳಿಸಿತು. ಜನರಿಗೆ ತಿಳಿದದ್ದು ಮೂರು ವಾರದ ಮೇಲೆ. ಕಲುಷಿತ ನೀರು ಕಾರ್ಖಾನೆಯ ಗಡಿ ದಾಟುವವರೆಗೆ ನೆರೆಯವರಿಗೆ ಹೇಳಬೇಕೆಂಬ ಕಾನೂನು ಆಗ ಇರಲಿಲ್ಲ. ಅಂತರ್ಜಲವೂ ಸರ್ವೆ ಕಲ್ಲು ನೋಡಿಕೊಂಡು ಹರಿಯುತ್ತದೆಂಬ ನಂಬಿಕೆಯ ಮೇಲೆ ನಿಂತ ಸುಂದರ ವ್ಯವಸ್ಥೆ ಅದು. ಸುದ್ದಿ ಹೊರಬಿದ್ದ ಮೇಲೆ ಬಾವಿಗಳಿಗೆ ಏನೂ ಆಗಿಲ್ಲವೆಂದು ಭರವಸೆ ಕೊಡಲಾಯಿತು, ಜೊತೆಗೆ ಕೇಳಿದವರಿಗೆ ಬಾಟಲಿ ನೀರನ್ನೂ ಕೊಡಲಾಯಿತು. ಒಂದು ದಿನದೊಳಗೆ ಜನರಿಗೆ ತಿಳಿಸಲೇಬೇಕೆಂದು ಸರ್ಕಾರ ನಿಯಮ ತರಹೊರಟಾಗ ಉದ್ಯಮ ಸಂಘಗಳು ಅದನ್ನು ಪ್ರಶ್ನಿಸಿ ಗೆದ್ದವು. 2017ರಲ್ಲಿ ಶಾಸನಸಭೆಯೇ ಕಾಯ್ದೆ ಮಾಡಬೇಕಾಯಿತು. ಹೀಗೆ ಹಳೆಯ ಕಾಲದ ಸಂಕೋಚವೊಂದು ಅಳಿದುಹೋಯಿತು.

ಇನ್ನು ಗುಡ್ಡಗಳನ್ನು ಕರಗಿಸುವ ದೂರದೃಷ್ಟಿ. ಫಾಸ್ಫೋಜಿಪ್ಸಂ ಅನ್ನು ರಸ್ತೆಗೆ ಹಾಕಬಹುದೆಂದು ಕೇಂದ್ರ ಪರಿಸರ ಸಂಸ್ಥೆ 2020ರಲ್ಲಿ ಹೂಂ ಎಂದಿತು, 2021ರಲ್ಲಿ ಊಹೂಂ ಎಂದಿತು, 2024ರ ಡಿಸೆಂಬರಿನಲ್ಲಿ ನ್ಯೂ ವೇಲ್ಸ್ ಆವರಣದೊಳಗೆ ಪ್ರಾಯೋಗಿಕ ರಸ್ತೆಗೆ ಮತ್ತೆ ಹೂಂ ಎಂದಿತು. ಎಲ್ಲೋ ಒಂದು ಕಡೆ ರಾಶಿ ಬಿದ್ದ ವಸ್ತುವನ್ನು ರಾಜ್ಯದ ತುಂಬ ತೆಳುವಾಗಿ ಹಾಸಿದರೆ ಗುಡ್ಡ ಸೋರಿತೆಂಬ ಆಪಾದನೆಗೆ ಎಡೆಯೇ ಇಲ್ಲ. ಗುಡ್ಡವೇ ಇರುವುದಿಲ್ಲವಲ್ಲ!

ಕೊನೆಗೊಂದು ಲೆಕ್ಕ, ಹೊಗಳಿಕೆಯ ಭರದಲ್ಲಿ ಮರೆಯಬಾರದೆಂದು. ಪೈನಿ ಪಾಯಿಂಟಿನ ಉಳಿದ ನೀರನ್ನು ಮೂರು ಸಾವಿರ ಅಡಿಗೂ ಹೆಚ್ಚು ಆಳದ ಬಾವಿಯೊಳಕ್ಕೆ ಇಳಿಸುವ ಕೆಲಸ 2023ರಲ್ಲಿ ಶುರುವಾಯಿತು. ಜಾಗವನ್ನು ಶಾಶ್ವತವಾಗಿ ಮುಚ್ಚಲು ಫ್ಲಾರಿಡಾ ಶಾಸನಸಭೆ 2021ರಲ್ಲಿ 10 ಕೋಟಿ ಡಾಲರ್ ತೆಗೆದಿಟ್ಟಿತು. ಆ ಹಣ ಗೊಬ್ಬರ ಮಾರಿದವರ ಗಲ್ಲಾದಿಂದ ಬಂದದ್ದಲ್ಲ. ಕೋವಿಡ್ ಪರಿಹಾರಕ್ಕೆಂದು ಕೇಂದ್ರ ಕೊಟ್ಟಿದ್ದ ಜನರ ತೆರಿಗೆ ಹಣ.