ನಾಗಕುಂಡದ ನಾವಿಕ

ನಮ್ಮೂರು ಸೂಡಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ನೀವು ಕೇಳುವ ಮೊದಲೇ ನನ್ನ ಹೆಂಡತಿ ಕೇಳಿ ಆಗಿದೆ. ಸುತ್ತ ಎರೆಹೊಲ, ಬಿಳಿಜೋಳ, ನಡುವೆ ಜೋಡುಕಳಸದ ಗುಡಿ, ಆಮೇಲೆ ನಾಗಕುಂಡ. ನನಗೆ ಗೊತ್ತಿದ್ದ ಜಲರಾಶಿ ಅದೊಂದೇ. ಸಾವಿರ ವರ್ಷದ ಹಿಂದೆ ಈ ಸೀಮೆ ಆಳಿದ ಚಾಲುಕ್ಯರ ಅಕ್ಕಾದೇವಿ ಕೋಟೆಗೇ ಮುತ್ತಿಗೆ ಹಾಕಿದ ಗಟ್ಟಿಗಿತ್ತಿ. ಅದೇ ಊರಿನ ನಾನು ಕುಂಡದ ಮೂರನೆಯ ಮೆಟ್ಟಿಲು ಇಳಿದವನಲ್ಲ. ಓಣಿಯ ಹುಡುಗರು ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಬಾವಿಗೆ ಹಾರುವಾಗ ಅವರ ಅಂಗಿ ಕಾಯುವ ಕೆಲಸ ನನ್ನದು.

ಹೀಗಿದ್ದವನ ತಲೆಯಲ್ಲಿ ನಿವೃತ್ತಿಯಾದ ಮೇಲೆ ಹಾಯಿದೋಣಿ ಹೊಕ್ಕಿತು. ಹೊಗಿಸಿದವನು ಜೋಶುವಾ ಸ್ಲೋಕಮ್. 1895ರಲ್ಲಿ ಬಾಸ್ಟನ್ನಿನಿಂದ ಹೊರಟು, ಒಬ್ಬನೇ ಭೂಮಿ ಸುತ್ತಿ, 1898ರಲ್ಲಿ ಮರಳಿದ ಪುಣ್ಯಾತ್ಮ. ಅವನ 'ಸ್ಪ್ರೇ' ದೋಣಿಯ ಉದ್ದ ಸುಮಾರು 37 ಅಡಿ. ನಮ್ಮ ಪಡಸಾಲೆಗೆ ಅಡುಗೆಮನೆ ಸೇರಿಸಿದರೆ ಅಷ್ಟಾಗುತ್ತದೆ. ಗಡಿಯಾರ ಒಂದೂವರೆ ಡಾಲರಿನ ತಗಡಿನದು. ಮುಖ ಒಡೆದಿದ್ದರಿಂದ ಒಂದೇ ಡಾಲರಿಗೆ ಸಿಕ್ಕಿತ್ತು. ಅದು ಮುನಿಸಿಕೊಂಡಾಗ ನೀರಿನಲ್ಲಿ ಹಾಕಿ ಕುದಿಸಿ ಓಡಿಸಿದನಂತೆ. ಎಲ್ಲಕ್ಕಿಂತ ದೊಡ್ಡ ಸಂಗತಿ, ಮಹಾಶಯನಿಗೆ ಈಜು ಬರುತ್ತಿರಲಿಲ್ಲ. ಈ ಒಂದು ಅರ್ಹತೆಯಲ್ಲಿ ನಾವಿಬ್ಬರೂ ಸರಿಸಮ.

ಆಸ್ಟ್ರೇಲಿಯಾದ ಮೇಲಿನ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ಕೋಕೋಸ್ ದ್ವೀಪಗಳಿಗೆ ಹೋಗಲು ಅವನಿಗೆ 23 ದಿನ ಹಿಡಿಯಿತು. ಅಷ್ಟೂ ದಿನದಲ್ಲಿ ಚುಕ್ಕಾಣಿ ಹಿಡಿದು ನಿಂತದ್ದು ಮೂರು ತಾಸಿಗಿಂತ ಹೆಚ್ಚಿಲ್ಲ! ಚುಕ್ಕಾಣಿ ಕಟ್ಟಿಹಾಕಿ, ಗಾಳಿಗೆ ಹಾಯಿ ಹೊಂದಿಸಿ, ಒಳಗೆ ಕೂತು ಪುಸ್ತಕ ಓದಿದ. ಸಂತೆ ಮುಗಿಸಿ ರಾತ್ರಿ ಮರಳುವ ನಮ್ಮ ಗಾಡಿಯವರು ಎತ್ತಿನ ಭರವಸೆಯ ಮೇಲೆ ಗೊರಕೆ ಹೊಡೆಯುತ್ತಿರಲಿಲ್ಲವೇ, ಹಾಗೆ. ಆದರೆ ಆಡಿನ ವಿಷಯದಲ್ಲಿ ಪಾಪ ಎಡವಿದ. ಸೇಂಟ್ ಹೆಲೆನಾ ದ್ವೀಪದಲ್ಲಿ ಯಾರೋ ಜೊತೆಗಿರಲಿ ಎಂದು ಒಂದು ಆಡು ಕೊಟ್ಟರು. ಅದು ಹಗ್ಗ ಕಡಿಯಿತು, ಹುಲ್ಲಿನ ಟೋಪಿ ತಿಂದಿತು, ಕೊನೆಗೆ ವೆಸ್ಟ್ ಇಂಡೀಸ್ ದ್ವೀಪಗಳ ನಕಾಶೆಯನ್ನೇ ಮೇಯ್ದುಬಿಟ್ಟಿತು. ಅಸೆನ್ಷನ್ ದ್ವೀಪದಲ್ಲಿ ಅದನ್ನು ಇಳಿಸಿ ಕೈಮುಗಿದ. ನಮ್ಮ ಕಡೆಯ ಯಾವ ಕುರಿ ಕಾಯುವ ಹುಡುಗನನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದ.

ನನ್ನ ದಿಗ್ವಿಜಯ ಅಷ್ಟು ದೂರದ್ದಲ್ಲ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ, ಸುಮಾರು 19 ಕಿಲೋಮೀಟರು. ಹಿಂದಿನ ಕಾಲದ ನಾವಿಕರು ತಿಂಗಳುಗಟ್ಟಲೆ ಕಲ್ಲಿನಂಥ ಬಿಸ್ಕತ್ತು ಕಡಿದೇ ಬದುಕಿದ್ದರಲ್ಲ, ನಮ್ಮ ಕಡಕ್ ರೊಟ್ಟಿ ಅದರ ಅಕ್ಕ ಎಂದು ತರ್ಕ ಹೂಡಿ ಎರಡು ಡಜನ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡೆ. ಬೆಳಗ್ಗೆ ಗಂಟು ಬಿಚ್ಚಿದರೆ ಕರಾವಳಿಯ ಗಾಳಿ ಕುಡಿದ ರೊಟ್ಟಿಗಳು ಒಗೆದು ಹಿಂಡಿದ ಕರವಸ್ತ್ರದಂತೆ ಜೋತುಬಿದ್ದಿದ್ದವು. ದಂಡೆ ಬಿಟ್ಟ ಅರ್ಧ ತಾಸಿಗೆ ನಾನೂ ಹಾಗೆಯೇ ಆಗಿದ್ದೆ. ದೋಣಿಯೊಳಗನ್ನು ನೋಡುವ ಕಣ್ಣು 'ಏನೂ ಅಲುಗುತ್ತಿಲ್ಲ' ಅನ್ನುತ್ತದೆ; ಒಳಗಿವಿಯ ಸಮತೋಲದ ಅಂಗ 'ಎಲ್ಲಾ ಅಲುಗುತ್ತಿದೆ' ಅನ್ನುತ್ತದೆ. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಹೊಲ ಬೀಳುಬಿದ್ದ ಹಾಗೆ, ಇವರಿಬ್ಬರ ಜಗಳದಲ್ಲಿ ಕೆಟ್ಟದ್ದು ಹೊಟ್ಟೆ. "ಕೆಳಗೆ ನೋಡ್ಬೇಡಿ ಸರ್, ದೂರ ನೋಡಿ" ಎಂದ ದೋಣಿಯ ಹುಡುಗ. ದೂರ ನೋಡಿದೆ. ಸೂಡಿ ಕಾಣಲಿಲ್ಲ. ನೇತ್ರಾಣಿಯ ಬಂಡೆಗಳನ್ನು ದೋಣಿಯ ಅಂಚಿಗೆ ಗದ್ದ ಊರಿಕೊಂಡೇ ನೋಡಿದೆ. ಅಲ್ಲಿಯೂ ಆಡುಗಳಿವೆಯಂತೆ, ನನ್ನ ನಕಾಶೆಯನ್ನು ಹುಷಾರಾಗಿ ಜೇಬಿನೊಳಗೆ ತಳ್ಳಿದೆ.

ಮನೆಗೆ ಬಂದು ಮಾನ ಉಳಿಸಿಕೊಳ್ಳಲು ನಮ್ಮ ನೌಕಾಪಡೆಯ 'ತಾರಿಣಿ' ಹಾಯಿದೋಣಿಯ ಕಥೆ ತೆಗೆದೆ. ಆರು ಜನ ಹೆಣ್ಣುಮಕ್ಕಳು 2017ರ ಸೆಪ್ಟೆಂಬರಿನಲ್ಲಿ ಗೋವಾ ಬಿಟ್ಟು, ಜಗತ್ತು ಸುತ್ತಿ, 254 ದಿನಕ್ಕೆ ಮರಳಿದರು ಅಂದೆ. ಇಂಥ ದೋಣಿಯಲ್ಲಿ ಸಿಹಿನೀರಿಗೆ ಲೆಕ್ಕ ಇಡಬೇಕಾಗುತ್ತದೆ, ಪಾತ್ರೆಯನ್ನು ಉಪ್ಪುನೀರಿನಲ್ಲಿ ತಿಕ್ಕಿ ಕೊನೆಗೊಂದು ಲೋಟ ಸಿಹಿನೀರು ತೋರಿಸುತ್ತಾರೆ, ಮಳೆ ಬಂದರೆ ಹಾಯಿಯಿಂದ ಇಳಿಯುವ ನೀರು ಹಿಡಿದುಕೊಳ್ಳುತ್ತಾರೆ ಅಂತಲೂ ವಿವರಿಸಿದೆ.

"ಇದೇನ್ ದೊಡ್ಡ ಸುದ್ದಿ?" ಅಂದಳು ಹೆಂಡತಿ. "ನಾನು ಈ ಮನಿಗೆ ಬಂದಾಗಿಂದ ಬ್ಯಾಸಗಿ ತುಂಬಾ ಮಾಡಿದ್ದು ಅದನ್ನ. ಮಾರಿ ತೊಳದ ನೀರು ಕಾಲಿಗೆ, ಕಾಲು ತೊಳದ ನೀರು ಕರಿಬೇವಿಗೆ. ಆರು ಮಂದಿ ಹೆಣ್ಮಕ್ಳು ಹೋಗಿ ಬಂದ್ರು ಅಂದ್ರಲಾ, ನಿಮ್ಮನ್ನ ಕರ್ಕೊಂಡು ಹೋಗಿದ್ರ ಬಳ್ಯಾಕ ಅಂತ ಏಳನೇದಾಕಿ ಬೇಕಾಕ್ಕಿತ್ತು."

ನನಗೆ ಮಾತು ಹೊರಡಲಿಲ್ಲ. ಕೊಡದಲ್ಲಿ ಎಷ್ಟು ನೀರು ಉಳಿದಿದೆ ಎಂದು ಸದ್ದಿನಿಂದಲೇ ಹೇಳುವವಳು ಅವಳು. ಹಾಯಿದೋಣಿಗೆ ತಕ್ಕ ಆಳು ನಮ್ಮ ಮನೆಯಲ್ಲೇ ಇತ್ತು. ಹೋದವನು ಮಾತ್ರ ಬೇರೆ.

ಮೆತ್ತಗಾಗಿದ್ದ ರೊಟ್ಟಿಗಳನ್ನು ಅವಳು ಮಾಳಿಗೆಯ ಮೇಲೆ ಹರವಿದಳು. ಎರಡು ಬಿಸಿಲಿಗೆ ಮತ್ತೆ ಕಟಕಟ ಎಂದವು. ನಿಮ್ಮಲ್ಲಿ ಯಾರಾದರೂ ದೋಣಿ ಹತ್ತಿ ದೂರದ ದ್ವೀಪಗಳ ಕಡೆ ಹೊರಟಿದ್ದರೆ ಒಂದು ಮಾತು ತಿಳಿಸಿ, ರೊಟ್ಟಿ ಕಟ್ಟಿಕೊಡುತ್ತೇವೆ. ಗಾಳಿ ಹೋಗದ ಡಬ್ಬಿ ಮಾತ್ರ ನೀವೇ ತರಬೇಕು.