ಅವರವರ ಮೂಲವರ್ಷ

ನಮ್ಮ ಮಾವನವರ ಮೂಲವರ್ಷ 1974. ಅವರು ಮೊದಲ ಸಂಬಳ ಎಣಿಸಿಕೊಂಡ ವರ್ಷ ಅದು. ಅಂದಿನಿಂದ ಇಂದಿನವರೆಗೆ ಸಕಲ ಚರಾಚರ ವಸ್ತುಗಳ ಬೆಲೆಯನ್ನೂ ಅವರು ಅಳೆಯುವುದು ಆ ವರ್ಷದ ಲೆಕ್ಕದಲ್ಲೇ. "ಆಗ ಐದು ರೂಪಾಯಿ ನೋಟು ತಗೊಂಡು ಇಬ್ಬರು ಹೊರಟರೆ ಮಸಾಲೆದೋಸೆ ತಿಂದು, ಕಾಫಿ ಕುಡಿದು, ಸಿನಿಮಾ ನೋಡಿ, ಬಸ್ಸಲ್ಲಿ ಮನೆಗೆ ಬಂದ ಮೇಲೂ ಜೇಬಲ್ಲಿ ಚಿಲ್ಲರೆ ಉಳೀತಿತ್ತು" ಎನ್ನುತ್ತಾರೆ. ನಾನು ಮದುವೆಯಾದ ಹೊಸದರಲ್ಲಿ ಈ ಕತೆಯಲ್ಲಿ ಉಳಿಯುತ್ತಿದ್ದುದು ನಾಲ್ಕಾಣೆ. ಈಚೆಗೆ ಒಂದೂಕಾಲು ರೂಪಾಯಿ ಉಳಿಯುತ್ತಿದೆ. ಬೆಲೆ ಏರಿಕೆ ನೆನಪುಗಳನ್ನೂ ಬಿಟ್ಟಿಲ್ಲ.

ತಮಾಷೆಯೆಂದರೆ, ಸ್ವತಂತ್ರ ಭಾರತ ಕಂಡ ಅತಿ ಭಯಂಕರ ಹಣದುಬ್ಬರದ ವರ್ಷಗಳ ಪಟ್ಟಿಯಲ್ಲಿ ಇದೇ 1974ಕ್ಕೆ ಮೇಲ್ಪಂಕ್ತಿ. ಹಿಂದಿನ ವರ್ಷ ಅರಬ್ ದೇಶಗಳು ತೈಲದ ನಲ್ಲಿ ತಿರುಗಿಸಿದ್ದವು. ಮಳೆಯೂ ಕೈಕೊಟ್ಟಿತ್ತು. ಬೆಲೆಗಳು ವರ್ಷಕ್ಕೆ ಶೇಕಡಾ ಇಪ್ಪತ್ತನ್ನೂ ಮೀರಿ ಏರುತ್ತಿದ್ದವು. ಮೇ ತಿಂಗಳಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಷ್ಕರ ಹೂಡಿ ದೇಶದ ರೈಲುಗಳನ್ನೇ ನಿಲ್ಲಿಸಿದರು. ಜನರ ಕೈಯಲ್ಲಿ ದುಡ್ಡು ಹೆಚ್ಚಾಗಿದ್ದಕ್ಕೇ ಬೆಲೆ ಏರುತ್ತಿದೆಯೆಂದು ತೀರ್ಮಾನಿಸಿದ ಸರ್ಕಾರ, ನೌಕರರ ಹೆಚ್ಚುವರಿ ತುಟ್ಟಿಭತ್ಯೆಯಲ್ಲಿ ಅರ್ಧವನ್ನು ಕಡ್ಡಾಯ ಠೇವಣಿಯೆಂದು ಹಿಡಿದಿಟ್ಟುಕೊಂಡಿತು. ಇಷ್ಟನ್ನೂ ಒಮ್ಮೆ ಮಾವನವರ ಮುಂದೆ ಬಿಚ್ಚಿಟ್ಟೆ. ಅವರು ಸಾವಧಾನವಾಗಿ ಕೇಳಿ, "ಇರಬಹುದಪ್ಪ, ಆದರೆ ದೋಸೆಗೆ ಬೆಣ್ಣೆ ಹಾಕ್ತಿದ್ದರು" ಎಂದರು. ಇಪ್ಪತ್ತಮೂರರ ವಯಸ್ಸು, ಜೇಬಿನಲ್ಲಿ ಸ್ವಂತ ದುಡ್ಡು, ಪಕ್ಕದಲ್ಲಿ ಹೊಸ ಹೆಂಡತಿ. ಆ ವರ್ಷ ಅವರ ಪಾಲಿಗೆ ತುಟ್ಟಿಯಾಗುವುದಾದರೂ ಹೇಗೆ?

ಸರ್ಕಾರಕ್ಕೂ ಒಂದು ಮೂಲವರ್ಷವಿದೆ. ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಬಹಳ ಕಾಲ 2012 ಮೂಲವರ್ಷವಾಗಿತ್ತು, ಈಗ 2024ಕ್ಕೆ ಬದಲಾಗಿದೆ. ದೇಶದ ಸರಾಸರಿ ಸಂಸಾರವೊಂದು ಏನೇನು ಕೊಳ್ಳುತ್ತದೆ ಎಂದು ಪಟ್ಟಿ ಮಾಡಿ, ಅದನ್ನೆಲ್ಲ ಒಂದು ಬುಟ್ಟಿಯೆಂದು ಭಾವಿಸಿ, ತಿಂಗಳು ತಿಂಗಳೂ ಅದರ ಬೆಲೆ ಕಟ್ಟುತ್ತಾರೆ. ಹಳೆಯ ಬುಟ್ಟಿಯಲ್ಲಿ ಟೇಪ್ ರೆಕಾರ್ಡರ್, ವಿಸಿಆರ್, ಕ್ಯಾಸೆಟ್ಟು, ಕುದುರೆಗಾಡಿಯ ಬಾಡಿಗೆ ಎಲ್ಲ ಇದ್ದವು. ನಾವು ಮೊಬೈಲಿನಲ್ಲಿ ಆಟೋ ಕರೆಸಿಕೊಂಡು ಓಡಾಡುತ್ತಿದ್ದ ಕಾಲದಲ್ಲೂ ಯಾರೋ ಒಬ್ಬ ಅಧಿಕಾರಿ ಎಲ್ಲೋ ಒಂದು ಕಡೆ ಕುದುರೆಗಾಡಿಯವನನ್ನು ನಿಲ್ಲಿಸಿ "ಎಷ್ಟಪ್ಪಾ ರೇಟು?" ಎಂದು ಕೇಳಿ ಬರೆದುಕೊಳ್ಳುತ್ತಿದ್ದಿರಬೇಕು. ಮೈಸೂರಿನ ಅರಮನೆಯ ಸುತ್ತ ಸುತ್ತುವ ಟಾಂಗಾವಾಲಾಗಳನ್ನು ಬಿಟ್ಟರೆ ಕರ್ನಾಟಕದಲ್ಲಿ ಅವನಿಗೆ ಉತ್ತರ ಕೊಡುವವರು ಎಷ್ಟು ಜನ ಸಿಕ್ಕಾರು! ಹೊಸ ಬುಟ್ಟಿಯಿಂದ ಕ್ಯಾಸೆಟ್ಟು, ವಿಸಿಆರ್ ಹೊರಬಿದ್ದಿವೆ, ಓಟಿಟಿ ಚಂದಾ ಒಳಬಂದಿದೆ. ಆಹಾರಕ್ಕೆ ಮೊದಲು ನೂರರಲ್ಲಿ ಹತ್ತಿರಹತ್ತಿರ 46 ಪಾಲಿತ್ತು, ಈಗ 37ರ ಆಸುಪಾಸಿಗೆ ಇಳಿದಿದೆ. ಸರ್ಕಾರ ಹೀಗೆ ಹತ್ತು ಹನ್ನೆರಡು ವರ್ಷಕ್ಕೊಮ್ಮೆಯಾದರೂ ಬುಟ್ಟಿ ಬದಲಿಸುತ್ತದೆ. ನಾವು ಬದಲಿಸುವುದಿಲ್ಲ.

ಸರ್ಕಾರದ ಬುಟ್ಟಿಯೂ ನಮ್ಮ ಬುಟ್ಟಿಯೂ ಎದುರೆದುರು ನಿಂತದ್ದು 2025ರ ನವೆಂಬರಿನಲ್ಲಿ. ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇಕಡಾ 0.25, ಅಂದರೆ ಕಾಲು ಪರ್ಸೆಂಟು, ಎಂದು ಪ್ರಕಟವಾಯಿತು. 2012ರ ಆ ಸರಣಿಯಲ್ಲೇ ಅದು ಅತಿ ಕಡಿಮೆ. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಪತ್ರಿಕೆ ಹಿಡಿದುಕೊಂಡೇ ನಮ್ಮ ಗೇಟಿನ ಹತ್ತಿರ ಬಂದರು. "ನೋಡಿದಿರಾ ಸಾರ್, ಕಾಲು ಪರ್ಸೆಂಟಂತೆ! ಇವರು ಯಾವ ಅಂಗಡಿಗೆ ಹೋಗ್ತಾರೋ ಕೇಳಿ, ನಾವೂ ಅಲ್ಲೇ ಹೋಗೋಣ" ಎಂದು ನಕ್ಕರು. ಅವರು ನಗುವುದಕ್ಕೆ ಕಾರಣವೂ ಇತ್ತು. ಅದೇ ನವೆಂಬರಿನ ಮೊದಲ ವಾರದಲ್ಲಿ ನಂದಿನಿ ತುಪ್ಪ ಲೀಟರಿಗೆ 90 ರೂಪಾಯಿ ಏರಿ 700 ಮುಟ್ಟಿತ್ತು. ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದಾಗ ಇದೇ ತುಪ್ಪ 650ರಿಂದ 610ಕ್ಕೆ ಬಂದಿತ್ತು. ಮೂಗಿಗೆ ತುಪ್ಪ ಸವರುವುದು ಎಂಬ ಮಾತನ್ನು ಇಷ್ಟು ಅಕ್ಷರಶಃ ಯಾರೂ ಪಾಲಿಸಿರಲಿಲ್ಲ.

ರಿಸರ್ವ್ ಬ್ಯಾಂಕಿಗೂ ಈ ನಗು ಕೇಳಿಸುತ್ತದೆ. ಅದು ಬೆಂಗಳೂರೂ ಸೇರಿದಂತೆ 19 ನಗರಗಳಲ್ಲಿ ಮನೆಮನೆಗೆ ಜನರನ್ನು ಕಳಿಸಿ, "ನಿಮಗೆ ಬೆಲೆ ಎಷ್ಟು ಏರಿದೆ ಅನಿಸುತ್ತೆ?" ಎಂದು ಕೇಳಿಸುತ್ತದೆ. ಸರ್ಕಾರದ ಅಂಕಿ ಕಾಲು ಪರ್ಸೆಂಟಿಗೆ ಇಳಿದ ಆ ದಿನಗಳಲ್ಲೂ ಜನ ಹೇಳುತ್ತಿದ್ದುದು ಏಳರ ಆಸುಪಾಸು. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಹಣದುಬ್ಬರ ಇಳಿಯಿತೆಂದರೆ ಬೆಲೆ ಏರುವ ವೇಗ ಇಳಿಯಿತೆಂದಷ್ಟೇ. ಏರಿದ್ದು ಏರಿದಲ್ಲೇ ಕೂತಿರುತ್ತದೆ. ಅರ್ಥಶಾಸ್ತ್ರಜ್ಞ ಕಳೆದ ವರ್ಷದ ಇದೇ ತಿಂಗಳನ್ನು ನೋಡುತ್ತಾನೆ. ನಾವು ನೋಡುವುದು ನಮ್ಮ ಮೂಲವರ್ಷವನ್ನು.

ತೂಕದ ವಿಚಾರದಲ್ಲೂ ನಮ್ಮ ಬುಟ್ಟಿ ಬೇರೆ. ಟಿವಿ ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ. ಅದರ ಬೆಲೆ ಇಳಿದರೆ ಮನಸ್ಸಿನಲ್ಲಿ ಒಂದು ಸಂಜೆಯೂ ನಿಲ್ಲುವುದಿಲ್ಲ. ಕೊತ್ತಂಬರಿ ಸೊಪ್ಪು ದಿನಾ ಬೇಕು. ನನ್ನ ಹೆಂಡತಿಯ ಸೂಚ್ಯಂಕದಲ್ಲಿ ಕೊತ್ತಂಬರಿಗೆ ನೂರಕ್ಕೆ ನಲವತ್ತು ಅಂಕ. ತರಕಾರಿ ಕೊಂಡಾಗ ಒಂದೆಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿಯನ್ನು ಕೇಳದೆಯೇ ಚೀಲಕ್ಕೆ ಹಾಕುತ್ತಿದ್ದ ಕಾಲವೇ ಅವಳ ಮೂಲವರ್ಷ. ಆ ಕೊಸರು ಈಗ ಪ್ಲಾಸ್ಟಿಕ್ ಹೊದ್ದು, ಬಾರ್‌ಕೋಡ್ ಹಚ್ಚಿಕೊಂಡು, ಎಸಿಯಲ್ಲಿ ಮಲಗಿದೆ. ಯಂತ್ರದ ಮುಂದೆ ನಿಂತ ಹುಡುಗನ ಹತ್ತಿರ "ಸ್ವಲ್ಪ ಕೊಸರು ಹಾಕಪ್ಪಾ" ಎಂದು ಕೇಳಿದರೆ ಅವನು ಮ್ಯಾನೇಜರನ್ನು ಕರೆಯುತ್ತಾನೆ. ಕಳೆದುಹೋದ ಕೊಸರನ್ನು ಯಾವ ಸೂಚ್ಯಂಕವೂ ಲೆಕ್ಕಕ್ಕೆ ಹಿಡಿದಿಲ್ಲ.

ಕೊಸರಿಗೇ ಬೆಲೆ ಕಟ್ಟಿದ ಉದಾಹರಣೆ ನಂದಿನಿ ಹಾಲಿನ ಪ್ಯಾಕೆಟ್ಟಿನದು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚು ತುಂಬಿ ಎರಡು ರೂಪಾಯಿ ಹೆಚ್ಚು ಪಡೆದರು. ಅದು ಬೆಲೆ ಏರಿಕೆಯಲ್ಲ, ಹೆಚ್ಚು ಹಾಲಿಗೆ ಹೆಚ್ಚು ದುಡ್ಡು ಎಂಬ ವಿವರಣೆಯೂ ಬಂತು. ಲೆಕ್ಕ ಸರಿಯೇ. ಆದರೆ ಆ ಹೆಚ್ಚಿನ ಹಾಲನ್ನು ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಗೊಂದಲವಾಗಿ, ಕೊನೆಗೆ ಬೆಕ್ಕೊಂದು ರೂಢಿಯಾಯಿತು. 2025ರ ಏಪ್ರಿಲ್ ಒಂದರಂದು 50 ಮಿಲಿಲೀಟರ್ ವಾಪಸು ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ಬೆಕ್ಕು ಮಾತ್ರ ವಾಪಸು ಹೋಗಲಿಲ್ಲ. ಅದೇ ಏಪ್ರಿಲ್ ಒಂದರಂದು ಡೀಸೆಲ್ ತೆರಿಗೆ, ಕರೆಂಟಿನ ನಿಗದಿತ ಶುಲ್ಕ, ಬೆಂಗಳೂರಿಗರ ಕಸದ ಶುಲ್ಕ ಎಲ್ಲ ಒಟ್ಟಿಗೆ ಮೇಲೆದ್ದವು. ಆ ದಿನಕ್ಕೆ ಮೊದಲೇ ಒಂದು ಖ್ಯಾತಿ ಇದ್ದುದರಿಂದ ಮಧ್ಯಾಹ್ನದವರೆಗೂ ಹಲವರು ನಂಬಲಿಲ್ಲ.

ಒಂದೇ ಮನೆಯೊಳಗೆ ಎರಡು ಹಣದುಬ್ಬರಗಳಿರಬಹುದೆಂದು ತೋರಿಸಿಕೊಟ್ಟದ್ದು ನಮ್ಮ ರಾಜ್ಯದ ಬಸ್ಸು. 2023ರ ಜೂನ್ 11ರಿಂದ ಹೆಂಗಸರಿಗೆ ಪ್ರಯಾಣ ಉಚಿತ. 2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡಾ 15 ಏರಿತು. ಆದ್ದರಿಂದ ಒಂದೇ ಸೀಟಿನಲ್ಲಿ ಪಕ್ಕಪಕ್ಕ ಕೂತು ತವರಿಗೆ ಹೋಗುವಾಗ ನನ್ನ ಹೆಂಡತಿಯ ಬೆಲೆ ಏರಿಕೆ ಸೊನ್ನೆ, ನನ್ನದು ಹದಿನೈದು. ಕಿಟಕಿಯ ಪಕ್ಕದ ಜಾಗವೂ ಅವಳದ್ದೇ. ಕಂಡಕ್ಟರ್ ನನ್ನ ಕಡೆ ಮಾತ್ರ ಕೈ ಚಾಚಿದಾಗ, ಅವಳು ದೇಶದ ಆರ್ಥಿಕ ಸ್ಥಿತಿಯ ಬಗ್ಗೆ ಆಶಾವಾದಿಯಾಗಿ ಹೊರಗೆ ನೋಡುತ್ತಿರುತ್ತಾಳೆ. ಅಡುಗೆಮನೆಗೆ ಕಾಲಿಟ್ಟರೆ ಪಾತ್ರಗಳು ಅದಲುಬದಲು.

ಇಳಿದ ಬೆಲೆಗಳಿಗೆ ಮಾತ್ರ ನಮ್ಮೆಲ್ಲರ ಬುಟ್ಟಿಯಲ್ಲೂ ತೂಕ ಸೊನ್ನೆ. 1995ರಲ್ಲಿ ಈ ದೇಶಕ್ಕೆ ಮೊಬೈಲು ಬಂದಾಗ ಒಂದು ನಿಮಿಷದ ಮಾತಿಗೆ ಹದಿನಾರು ರೂಪಾಯಿವರೆಗೂ ಬೀಳುತ್ತಿತ್ತು. ಬಂದ ಕರೆಗೂ ದುಡ್ಡು. ಅದಕ್ಕೂ ಮೊದಲು ರಾತ್ರಿ ಕಾಲು ದರವಾಗಲಿ ಎಂದು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತು, ಮೀಟರಿನ ಕೆಂಪಂಕಿ ನೋಡುತ್ತ, "ಎಲ್ಲ ಚೆನ್ನಾಗಿದೀರಾ? ಸರಿ, ಇಡ್ತೀನಿ" ಎಂದು ಮುಗಿಸುತ್ತಿದ್ದೆವು. ಇವತ್ತು ಸೋದರತ್ತೆ ಪುತ್ತೂರಿನಿಂದ ವಿಡಿಯೋ ಕರೆ ಮಾಡಿ, ಹೆಚ್ಚೂಕಡಿಮೆ ಪುಕ್ಕಟೆಯಾಗಿ, ಮುಕ್ಕಾಲು ಗಂಟೆ ತೆಂಗಿನಕಾಯಿಯ ಬೆಲೆ ಏರಿದ್ದನ್ನು ವಿವರಿಸುತ್ತಾರೆ.

ತೂಕಕ್ಕೂ ಸಿಟ್ಟಿಗೂ ಸಂಬಂಧವಿಲ್ಲ ಎನ್ನುವುದನ್ನು ರಾಜಕಾರಣಿಗಳಿಗೆ ಕಲಿಸಿದ್ದು ಈರುಳ್ಳಿ. ಸೂಚ್ಯಂಕದಲ್ಲಿ ಅದರ ಪಾಲು ನೂರಕ್ಕೆ ಒಂದೂ ಇರಲಿಲ್ಲ. ಆದರೂ 1980ರ ಚುನಾವಣೆಯಲ್ಲಿ ಇಂದಿರಾ ಗಾಂಧಿ ಈರುಳ್ಳಿ ಬೆಲೆಯನ್ನೇ ಪ್ರಚಾರಕ್ಕೆ ಹಿಡಿದು ಗೆದ್ದು ಬಂದರು. 1998ರಲ್ಲಿ ದೆಹಲಿಯ ಸುಷ್ಮಾ ಸ್ವರಾಜ್ ಸರ್ಕಾರ ಸೋತದ್ದರಲ್ಲೂ ಅದರ ಕೈವಾಡವಿತ್ತು.

ಬೆಲೆ ಏರಿಕೆಗೆ ಬೆಂಗಳೂರು ಕೊಟ್ಟ ಉತ್ತರ ಹೆಚ್ಚು ಸೌಮ್ಯವಾದದ್ದು: ಬೈಟು ಕಾಫಿ. ಹೋಟೆಲಿನ ದರಪಟ್ಟಿಯ ಮೇಲೆ ಅಂಟಿಸಿದ ಅಂಕಿಗಳನ್ನು ಉಗುರಿನಿಂದ ಕೆರೆದರೆ, ಭೂಗರ್ಭಶಾಸ್ತ್ರಜ್ಞನಿಗೆ ಬಂಡೆಯ ಪದರ ಸಿಕ್ಕಂತೆ, ಒಂದರ ಕೆಳಗೊಂದು ಹಳೆಯ ಯುಗಗಳು ಸಿಗುತ್ತವೆ. ಅಂಕಿ ಬದಲಿಸಲು ಧೈರ್ಯವಿಲ್ಲದ ಮಾಲೀಕರು ಗಾತ್ರವನ್ನು ಬದಲಿಸುತ್ತಾರೆ. ನಮ್ಮ ಬಡಾವಣೆಯ ದರ್ಶಿನಿಯಲ್ಲಿ ವಡೆಯ ಸುತ್ತಳತೆ ಅಷ್ಟೇ ಇದೆ, ತೂತು ಬೆಳೆದಿದೆ. ಹಾಗೆಂದು ಹೋಟೆಲಿನವರನ್ನು ಬೈಯುವಂತೆಯೂ ಇಲ್ಲ. ಯುದ್ಧಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎನ್ನುತ್ತಾರೆ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನವರು. ಆ ಅಭಾವದ ಕೂಸನ್ನು ನಾವು ತುಪ್ಪ ಸುರಿದುಕೊಂಡು ತಿನ್ನುತ್ತಿದ್ದೇವೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರವನ್ನು ತೀರ ಕೆಳಗೆ ಕಟ್ಟಿಹಾಕಿದಾಗ ಅದೇ ಹೋಟೆಲು ಕೈ ಸುಟ್ಟುಕೊಂಡು, ಸಿದ್ಧ ಹಿಟ್ಟು, ಪುಡಿಗಳ ಪ್ಯಾಕೆಟ್ ವ್ಯಾಪಾರಕ್ಕೆ ತಿರುಗಿತು. ಇಡ್ಲಿ ಅಗ್ಗವಾಗಲೇಬೇಕೆಂದು ಹೊರಟ ಆಜ್ಞೆ, ಇಡ್ಲಿಯನ್ನು ಪ್ಯಾಕೆಟ್ಟಿಗೆ ಸೇರಿಸಿ ವಿದೇಶಕ್ಕೆ ಹೊರಡಿಸಿತು.

ಕೊಳ್ಳುವವನ ಕಣ್ಣೀರಿಗೆ ಆಚೆ ದಡವೊಂದಿದೆ ಎಂದು ನನಗೆ ಗೊತ್ತಾದದ್ದು ಟೊಮೆಟೊದಿಂದ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋದ ಬಾಕ್ಸು ಎರಡು ಸಾವಿರ ದಾಟಿತು. ಹೊಲಗಳಿಗೆ ಕಾವಲು ಬಂತು, ಟೊಮೆಟೊ ಕಳುವಿಗೆ ಪೊಲೀಸ್ ದೂರು ದಾಖಲಾಯಿತು. ನಮ್ಮ ಮನೆಯಲ್ಲಿ ಹುಣಿಸೆಹಣ್ಣಿನ ಸಾರಿಗೆ ಪುನರ್ಜನ್ಮ ಬಂತು. ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಅದೇ ಮಾತು. ಎರಡು ಮೂರು ತಿಂಗಳಲ್ಲಿ ಬೆಲೆ ಕುಸಿದು ಬೆಳೆದವರು ಅದನ್ನು ರಸ್ತೆಗೆ ಸುರಿದಾಗ ಕಲ್ಲುಬೆಂಚು ಬೇರೆ ವಿಷಯಕ್ಕೆ ಹೋಗಿತ್ತು.

ಕಾಫಿಯ ಕತೆಯೂ ಅಷ್ಟೇ. ಬ್ರೆಜಿಲ್‌ನಲ್ಲಿ ಮಳೆ ತಪ್ಪಿದ್ದಕ್ಕೆ ನಮ್ಮ ಮನೆಯ ಡಿಕಾಕ್ಷನ್ ತೆಳುವಾಯಿತು, ಚಿಕೋರಿ ಒಂದು ಮೆಟ್ಟಿಲು ಮೇಲೇರಿತು. ಮೂಡಿಗೆರೆಯ ಬಂಧುವೊಬ್ಬರಿಗೆ ಫೋನು ಮಾಡಿ "ಏನಿದು ಅನ್ಯಾಯ!" ಎಂದೆ. "ಅನ್ಯಾಯ ಅಲ್ಲ ಮಾರಾಯ, ಇಷ್ಟು ವರ್ಷಕ್ಕೆ ಒಂದು ನ್ಯಾಯವಾದ ರೇಟು ಬಂತು" ಎಂದರು. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದೇ. ಹಾಗಾಗಿ ಈ ರಾಜ್ಯದಲ್ಲಿ ಕಾಫಿ ಬೆಲೆಯ ಬಗ್ಗೆ ಜನಾಭಿಪ್ರಾಯ ಏನೆಂದು ಕೇಳುವವರು ಘಾಟಿಯ ಯಾವ ತಿರುವಿನಲ್ಲಿ ನಿಂತು ಕೇಳುತ್ತಿದ್ದೇವೆಂದು ನೋಡಿಕೊಳ್ಳಬೇಕು. ನ್ಯಾಯವಾದ ರೇಟಿನ ಸಂತೋಷ ಅವರ ದನಿಯಲ್ಲಿ ಎರಡೇ ನಿಮಿಷ ಇತ್ತು. ಆಮೇಲೆ ಗೊಬ್ಬರದ ಬೆಲೆ, ಆಳಿನ ಕೂಲಿ ಶುರುವಾಯಿತು.

ಪಕ್ಕದ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಸಂಬಳ ಜಾಸ್ತಿ ಮಾಡಬೇಕೆಂದು ಕೇಳಿದ್ದು ಕಾಲು ಪರ್ಸೆಂಟಿನ ಅದೇ ನವೆಂಬರಿನಲ್ಲಿ. ನಮ್ಮ ಮನೆಗಳ ನಡುವೆ ಇರುವುದು ಆಳೆತ್ತರದ ಗೋಡೆಯಾದ್ದರಿಂದ ಕಿವಿ ಕೊಡುವ ಅಗತ್ಯವೇ ಬೀಳಲಿಲ್ಲ.

"ಎಲ್ಲಾ ರೇಟು ಏರೋಗಿದೆ ಸಾರ್, ಸಾಲಲ್ಲ."

"ಎಲ್ಲಮ್ಮಾ ಏರಿದೆ? ಪೇಪರ್ ನೋಡು. ಹಣದುಬ್ಬರ ಕಾಲು ಪರ್ಸೆಂಟು. ಗೌರ್ಮೆಂಟಿನವರೇ ಹೇಳಿದಾರೆ" ಎಂದರು ನಿವೃತ್ತ ಅಧಿಕಾರಿಗಳು, ಹಣಕಾಸು ಸಚಿವರ ಗಾಂಭೀರ್ಯದಿಂದ.

"ಹಂಗಾದ್ರೆ ನಮ್ಮ ಮನೆ ಓನರ್‌ಗೂ ಆ ಪೇಪರ್ ಒಂಚೂರು ಓದಿ ಹೇಳಿ ಸಾರ್. ಈ ತಿಂಗಳಿಂದ ಐನೂರು ಜಾಸ್ತಿ ಕೊಡು ಅಂತವ್ರೆ."

ಸ್ವಲ್ಪ ಹೊತ್ತು ಪಾತ್ರೆಗಳ ಸದ್ದೂ ನಿಂತಿತ್ತು. ಕೊನೆಗೆ ಐನೂರಕ್ಕೇ ಇತ್ಯರ್ಥವಾಯಿತು. ಸಂಜೆ ಅಧಿಕಾರಿಗಳು ಗೇಟಿನ ಹತ್ತಿರ ಸಿಕ್ಕಿದರು. "ಮನೆಗೆಲಸದ ರೇಟು ಎಲ್ಲಿಗೆ ಹೋಯ್ತು ನೋಡಿದಿರಾ? ಇದನ್ನೆಲ್ಲ ಆ ಕಾಲು ಪರ್ಸೆಂಟಿನವರು ಲೆಕ್ಕಕ್ಕೇ ಹಿಡಿಯಲ್ಲ ಸಾರ್, ಬರೀ ಸುಳ್ಳು" ಎಂದರು. ಮನೆಗೆಲಸದವರ ಸಂಬಳವೂ ಆ ಬುಟ್ಟಿಯಲ್ಲಿದೆ ಎಂದು ಹೇಳಲು ಬಾಯಿ ತೆರೆದೆ. ನಮ್ಮ ಮನೆಗೂ ಕೆಲಸಕ್ಕೆ ಬರುವ ಆ ಹೆಂಗಸು ಬೆಳಿಗ್ಗೆ ಗೋಡೆಯಾಚೆಯಿಂದ ಮುಂದಿನ ವಾರ ನಿಮ್ಮ ಮನೆಗೂ ಬಂದು ಮಾತಾಡ್ತೀನಿ ಎಂದು ನನ್ನ ಹೆಂಡತಿಗೆ ಕೂಗಿ ಹೇಳಿದ್ದು ನೆನಪಾಯಿತು. "ಆ ಪೇಪರ್ ಇದ್ದರೆ ಒಂದೆರಡು ದಿನ ಕೊಡ್ತೀರಾ ಸಾರ್?" ಎಂದು ಕೇಳಿದೆ.